ಒಂದು ಹಗಲಿನ ಗಂಟು

ಬೆಟ್ಟಕ್ಕೆ ಹೊರಡುವ ಸಂಸಾರದ ಸಡಗರವನ್ನು ನೋಡಬೇಕಾದರೆ ಹಿಂದಿನ ರಾತ್ರಿಯೇ ಅವರ ನಡುಮನೆಗೆ ಹೋಗಬೇಕು. ಯಜಮಾನರು ಚೀಲವೊಂದನ್ನು ಬಾಯಿ ತೆರೆದಿಟ್ಟುಕೊಂಡು ಕುಳಿತಿರುತ್ತಾರೆ. ಮನೆಯವರು ಒಬ್ಬೊಬ್ಬರಾಗಿ ಬಂದು ಒಂದೊಂದು ಪದಾರ್ಥವನ್ನು ಅದರೊಳಕ್ಕೆ ಇಳಿಸಿ ಹೋಗುತ್ತಾರೆ. ಅಜ್ಜಿಗೆ ಮೊಮ್ಮಗನ ನೆಗಡಿಯ ಚಿಂತೆ; ದಪ್ಪನೆಯ ಶಾಲೊಂದು ಒಳಗೆ ಸೇರುತ್ತದೆ. ಗೃಹಿಣಿಗೆ ಊಟ ಸಾಲದೆ ಹೋದೀತೆಂಬ ಭಯ. ಮೂರು ಅಂತಸ್ತಿನ ಊಟದ ಕ್ಯಾರಿಯರ್ ಬರುತ್ತದೆ. ಹುಡುಗನದು ಚೆಂಡು, ಹುಡುಗಿಯದು ಕಥೆಯ ಪುಸ್ತಕ. ಚೀಲದ ಬಾಯಿ ಮುಚ್ಚಲೊಲ್ಲದಾದಾಗ ಎರಡನೆಯ ಚೀಲ ಅಟ್ಟದಿಂದ ಇಳಿಯುತ್ತದೆ. ಮರುದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬೆಟ್ಟದ ಅರ್ಧ ದಾರಿಯಲ್ಲಿ ನೋಡಿದರೆ ಕುಡಿಯುವ ನೀರು ಮುಗಿದಿರುತ್ತದೆ. ಮಗುವಿನ ಹಿಮ್ಮಡಿಯಲ್ಲಿ ಬೊಕ್ಕೆಯೆದ್ದಿರುತ್ತದೆ. ಕಟ್ಟಲು ಒಂದು ಚೂರು ಬಟ್ಟೆಯಿರುವುದಿಲ್ಲ. ಶಾಲು ಮಾತ್ರ ಇಸ್ತ್ರಿ ಕೆಡದೆ ಭದ್ರವಾಗಿರುತ್ತದೆ.

ಏನನ್ನು ಹೊರಬೇಕು, ಏನನ್ನು ಬಿಡಬೇಕು ಎಂಬುದು ಮೇಲುನೋಟಕ್ಕೆ ಕ್ಷುಲ್ಲಕವಾದ ಪ್ರಶ್ನೆ. ಆದರೆ ದಾರಿಯಲ್ಲಿ ಬಳಲಿ ಬಿದ್ದವನಿಗೂ ಸುಖವಾಗಿ ಮನೆ ಸೇರಿದವನಿಗೂ ನಡುವಣ ಅಂತರ ಅನೇಕ ವೇಳೆ ಒಂದು ಲೀಟರ್ ನೀರಿನಷ್ಟೇ ಇರುತ್ತದೆಂಬುದನ್ನು ನೆನೆದರೆ, ಅದಕ್ಕೊಂದು ಗಾಂಭೀರ್ಯ ಬಾರದೆ ಇರದು.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ನಾಡಿಗೆಲ್ಲ ಪರಿಚಿತವಾದುದು. 1996ರ ಜೂನ್ 1ರಂದು ಭಾರತದ ಪ್ರಧಾನಮಂತ್ರಿಗಳಾದ ಶ್ರೀ ಎಚ್. ಡಿ. ದೇವೇಗೌಡರು 1933ರಲ್ಲಿ ಜನಿಸಿದುದು ಇಲ್ಲಿಯೇ. ಅವರ ಹೆಸರಿನ ಮೊದಲಿನ ‘ಎಚ್’ ಎಂಬ ಅಕ್ಷರದಲ್ಲಿ ಈ ಊರೇ ಅಡಗಿ ಕುಳಿತಿದೆ. ಆದರೆ ಕಾಲ್ನಡಿಗೆಯ ಪ್ರಿಯರಿಗೆ ಊರಿನ ಇನ್ನೊಂದು ಗುಣ ಹೆಚ್ಚು ಮುಖ್ಯ. ಈ ಸೀಮೆಯಲ್ಲಿ ನೆಲೆ ಮಾಡಿಕೊಂಡವರಿಗೆ ಒಂದು ಹಗಲಿನ ಸಂಚಾರಕ್ಕೆ ಬೇಕಾದುದೆಲ್ಲವೂ ಕೈಯಳತೆಯಲ್ಲಿದೆ. ಮೂಡಿಗೆರೆಯ ಸೀಮೆಯಲ್ಲಿ ಹುಟ್ಟಿ 245 ಕಿಲೋಮೀಟರ್ ಹರಿದು ಕಾವೇರಿಯನ್ನು ಸೇರುವ ಹೇಮಾವತಿ ಹೊಳೆನರಸೀಪುರದ ಮಗ್ಗುಲಲ್ಲಿಯೇ ಸಾಗುತ್ತಾಳೆ. ರಂಗನಾಥಸ್ವಾಮಿಯ ಮಾವಿನಕೆರೆ ಬೆಟ್ಟ ಇದೇ ತಾಲ್ಲೂಕಿನದು; ಮೈಸೂರು–ಹಾಸನದ ರೈಲು ದಾರಿಯಲ್ಲಿ ಮಾವಿನಕೆರೆಯೆಂಬ ನಿಲ್ದಾಣವೂ ಉಂಟು. ಪಕ್ಕದ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರಾಮನಾಥಪುರ. ಇನ್ನೊಂದು ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಜಗತ್ಪ್ರಸಿದ್ಧವಾದ ಶ್ರವಣಬೆಳಗೊಳ. ಗದ್ದೆಯ ಬದು, ತೆಂಗಿನ ತೋಟ, ಕೆರೆಯ ಏರಿ, ಬೋಳು ಬಂಡೆಯ ಗುಡ್ಡ, ಇವೆಲ್ಲವನ್ನೂ ಒಂದೇ ದಿನ ತುಳಿಯಬಹುದಾದ ನೆಲವಿದು.

ಹಿರಿಯರ ಗಂಟು

ಬಸ್ಸುಗಳು ಬರುವುದಕ್ಕೆ ಮುಂಚೆ ಈ ಸೀಮೆಯ ಜನ ಸಂತೆಗೆ, ಜಾತ್ರೆಗೆ, ನೆಂಟರ ಮನೆಗೆ ನಡೆದೇ ಹೋಗುತ್ತಿದ್ದರು. ಅವರ ಬಳಿ ಬೆನ್ನುಚೀಲವಿರಲಿಲ್ಲ. ಇದ್ದುದು ಒಂದು ಗಂಟು. ಚೌಕಾಕಾರದ ಬಟ್ಟೆಯ ನಾಲ್ಕು ತುದಿಗಳನ್ನು ಎದುರುಬದುರು ಬಿಗಿದರೆ ಗಂಟಾಯಿತು. ಅದನ್ನು ಕೋಲಿನ ತುದಿಗೆ ಸಿಕ್ಕಿಸಿ ಹೆಗಲಿಗೇರಿಸಿದರೆ ಪ್ರಯಾಣ ಮೊದಲಾಯಿತು. ಒಳಗೆ ಮುತ್ತುಗದ ಎಲೆಯಲ್ಲೋ ಬಾಳೆಯೆಲೆಯಲ್ಲೋ ಕಟ್ಟಿದ ಬುತ್ತಿ; ಸೊಂಟದಲ್ಲಿ ಎಲೆಯಡಿಕೆಯ ಸಂಚಿ; ನೀರಿಗೆ ಒಣಗಿಸಿದ ಸೋರೆಬುರುಡೆ; ಹೆಗಲ ಮೇಲೆ ಕಂಬಳಿ.

ಈ ಸರಂಜಾಮಿನಲ್ಲಿ ಮೆಚ್ಚಬೇಕಾದುದು ಅದರ ಬಡತನವಲ್ಲ, ಜಾಣ್ಮೆ. ಕಂಬಳಿಯನ್ನೇ ತೆಗೆದುಕೊಳ್ಳಿರಿ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಒಂದು ತುದಿಯನ್ನು ಮಡಿಸಿ ತಲೆಯ ಮೇಲೆ ಕೊಪ್ಪೆಯಾಗಿ ಇಳಿಬಿಟ್ಟರೆ ಮಳೆಗೆ ಮರೆ. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಲ್ಲುವುದರಿಂದ, ನೆನೆದ ಮೇಲೆಯೂ ಅದು ಹತ್ತಿಯ ಬಟ್ಟೆಯಂತೆ ಮೈಯ ಕಾವನ್ನೆಲ್ಲ ಹೀರಿಬಿಡುವುದಿಲ್ಲ. ಪಡುವಣ ಮಲೆನಾಡಿನವರು ಗದ್ದೆಯ ಕೆಲಸಕ್ಕೆ ಎಲೆಯಿಂದ ಹೆಣೆದ ಗೊರಬನ್ನು ಹೊದೆಯುತ್ತಿದ್ದರು. ಬಗ್ಗಿ ನಾಟಿ ಮಾಡುವವರಿಗೆ ಅದು ಬೆನ್ನ ಮೇಲಿನ ಸೂರು. ಆದರೆ ದೂರ ನಡೆಯುವವನಿಗೆ ಕಂಬಳಿಯೇ ಸರಿ. ಹೆಗಲ ಮೇಲಿನ ಚೌಕವೂ ಅಂಥದೇ. ಬೆವರೊರಸಲು, ತಲೆಗೆ ಸುತ್ತಲು, ಹಣ್ಣು ಕಟ್ಟಿ ತರಲು, ಕೈ ಮುರಿದರೆ ಕುತ್ತಿಗೆಯಿಂದ ಜೋಲಿಯಾಗಿ ಇಳಿಬಿಡಲು ಒಂದೇ ಚೌಕ ಸಾಕು. ಇಂದಿನ ಅಂಗಡಿಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಉಪಕರಣ ಮಾರಾಟಕ್ಕಿದೆ. ಒಂದು ವಸ್ತುವಿನಿಂದ ಮೂರು ಕೆಲಸ ಮಾಡಿಸಿಕೊಳ್ಳುವವನ ಚೀಲ ಮಾತ್ರ ಅಂದಿಗೂ ಇಂದಿಗೂ ಹಗುರ.

ಇದಕ್ಕಿಂತಲೂ ಹಗುರವಾದ ಸರಂಜಾಮನ್ನು ಕಾಣಬೇಕೆನ್ನುವವರು ಶ್ರವಣಬೆಳಗೊಳದ ದಾರಿಯಲ್ಲಿ ನಿಲ್ಲಬೇಕು. ನೂರಾರು ಮೈಲಿ ಬರಿಗಾಲಿನಲ್ಲಿ ನಡೆದು ಬರುವ ದಿಗಂಬರ ಮುನಿಗಳ ಬಳಿ ಇರುವುದು ಮೂರೇ ವಸ್ತು: ಕುಳಿತುಕೊಳ್ಳುವ ಜಾಗದ ಕ್ರಿಮಿಕೀಟಗಳನ್ನು ನೋಯಿಸದೆ ಸರಿಸಲು ನವಿಲುಗರಿಯ ಪಿಂಛಿ, ಶೌಚದ ನೀರಿಗೆ ಕಮಂಡಲು, ಓದಲು ಶಾಸ್ತ್ರಗ್ರಂಥ. ಮಳೆಗಾಲದ ಚಾತುರ್ಮಾಸದಲ್ಲಿ ಅವರು ಸಂಚಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಅದು ಅಹಿಂಸಾವ್ರತಕ್ಕೆ ಸೇರಿದ ನಿಯಮ. ಸಂಸಾರವಂದಿಗರಿಗೆ ಆ ಮಟ್ಟದ ನಿರಾಭಾರ ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೂ ಅಟ್ಟದಿಂದ ಎರಡನೆಯ ಚೀಲ ಇಳಿಸುವಾಗ ಆ ಮೂರು ವಸ್ತುಗಳನ್ನು ನೆನೆಯುವುದರಿಂದ ನಷ್ಟವೇನೂ ಇಲ್ಲ.

ಹೊರನಾಡುಗಳಲ್ಲಿಯೂ ಇಂಥ ನಿದರ್ಶನಗಳಿವೆ. 1991ರ ಸೆಪ್ಟೆಂಬರಿನಲ್ಲಿ, ಆಸ್ಟ್ರಿಯಾ ಮತ್ತು ಇಟಲಿಗಳ ಗಡಿಯ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಂದು ಶವ ಸಿಕ್ಕಿತು. ಅದು ಸುಮಾರು 5,300 ವರ್ಷಗಳಷ್ಟು ಹಳೆಯದೆಂದು ಪರೀಕ್ಷೆಯಿಂದ ತಿಳಿದುಬಂದಿತು. ‘ಓಟ್ಜಿ’ ಎಂದು ಹೆಸರು ಪಡೆದ ಆ ಪುರಾತನ ದಾರಿಹೋಕನ ಸರಂಜಾಮು ಅವನೊಡನೆಯೇ ಉಳಿದಿತ್ತು. ತಾಮ್ರದ ಕೊಡಲಿ, ಕಲ್ಲಿನ ಅಲಗಿನ ಚೂರಿ, ಮರದ ತೊಗಟೆಯ ಎರಡು ಡಬ್ಬಿಗಳು. ಅವುಗಳಲ್ಲೊಂದರಲ್ಲಿ ಹಸಿರೆಲೆಯಲ್ಲಿ ಸುತ್ತಿ ಕೆಂಡ ಒಯ್ಯುತ್ತಿದ್ದ ಕುರುಹು. ಬೆಂಕಿ ಹತ್ತಿಸಲು ಒಣಗಿದ ಅಣಬೆಯ ನಾರು. ತೊಗಲಿನ ದಾರದಲ್ಲಿ ಪೋಣಿಸಿದ ಇನ್ನೊಂದು ಜಾತಿಯ ಅಣಬೆಯೂ ಇತ್ತು. ಅದು ಔಷಧವೆಂದು ಅನೇಕ ವಿದ್ವಾಂಸರ ಊಹೆ. ಬೆಂಕಿ, ಅಲಗು, ಮದ್ದು! ಐದು ಸಾವಿರ ವರ್ಷಗಳಲ್ಲಿ ಪಟ್ಟಿ ಹೆಚ್ಚೇನೂ ಬದಲಾಗಿಲ್ಲ.

ಇನ್ನೊಂದು ನಿದರ್ಶನ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿಯದು. ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿದ ಈಕೆ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಎರಡು ಸಾವಿರ ಮೈಲಿಗೂ ಉದ್ದವಾದ ಅಪಲಾಚಿಯನ್ ಕಾಲುದಾರಿಯನ್ನು ಒಂಟಿಯಾಗಿ ನಡೆದು ಮುಗಿಸಿದರು. ಕಾಲಿಗೆ ಸಾಧಾರಣ ಕ್ಯಾನ್ವಾಸ್ ಷೂ, ಹೆಗಲಿಗೆ ತಾವೇ ಹೊಲಿದುಕೊಂಡ ಬಟ್ಟೆಯ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ನಮ್ಮ ಗಂಟು ಹೊತ್ತ ಅಜ್ಜಿಯರಿಗೆ ಈಕೆ ದೂರದ ನೆಂಟಳೆಂದರೆ ತಪ್ಪಾಗದು.

ನೀರಿನ ಲೆಕ್ಕ, ಬುತ್ತಿಯ ಗುಟ್ಟು

ಒಂದು ಹಗಲಿನ ಚೀಲದಲ್ಲಿ ಅತ್ಯಂತ ಭಾರವಾದುದು ನೀರು, ಬಿಡಲೇಬಾರದ್ದೂ ಅದೇ. ಹದವಾದ ಬಿಸಿಲಿನಲ್ಲಿ ನಡೆಯುವ ವಯಸ್ಕನಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು. ನಾಲ್ಕು ಗಂಟೆಯ ನಡಿಗೆಯೆಂದರೆ ಎರಡು ಲೀಟರ್, ಎಂದರೆ ಎರಡು ಕಿಲೋಗ್ರಾಂ. ಮಾರ್ಚ್, ಏಪ್ರಿಲ್ ತಿಂಗಳಿನಲ್ಲಿ ಬೋಳು ಬಂಡೆ ಹತ್ತುವವನಿಗೆ ಇದೂ ಸಾಲದು. ‘ದಾರಿಯಲ್ಲಿ ಸಿಗುತ್ತದೆ’ ಎಂಬ ಧೈರ್ಯ ಒಳ್ಳೆಯದಲ್ಲ. ಗುಡ್ಡದ ಮೇಲಿನ ದೊಣೆಗಳ ನೀರು ಮಳೆಗಾಲ ಕಳೆದ ಮೇಲೆ ಪಾಚಿಗಟ್ಟಿರುತ್ತದೆ. ನಾಲೆಯ ನೀರು ನೋಡಲು ತಿಳಿಯಾಗಿ ಕಂಡರೂ ಕುಡಿಯಲು ಯೋಗ್ಯವಲ್ಲ. ಅದಕ್ಕಿಂತ ಮುಖ್ಯವಾಗಿ, ಕಲ್ಲು ಸಿಮೆಂಟು ಕಟ್ಟಿದ ನಾಲೆಯ ಇಳಿಜಾರು ಪಾಚಿಯಿಂದ ಜಾರುತ್ತಿರುತ್ತದೆ. ಒಳಗೆ ಬಿದ್ದವನಿಗೆ ಹಿಡಿದು ಮೇಲೇರಲು ಆಸರೆಯಿರುವುದಿಲ್ಲ. ಒಂದು ಬಾಟಲಿ ನೀರಿಗಾಗಿ ಮಕ್ಕಳನ್ನು ಅಲ್ಲಿಗೆ ಇಳಿಸುವುದೆಂದರೆ ಆಪತ್ತನ್ನು ಕೈಬೀಸಿ ಕರೆದಂತೆಯೇ ಸರಿ.

ಬೆವರಿನೊಡನೆ ಉಪ್ಪೂ ಹೊರಟುಹೋಗುವುದರಿಂದ ಬರಿಯ ನೀರು ಕುಡಿದವನಿಗೆ ಕೆಲವು ಸಲ ತಲೆಸುತ್ತು ನಿಲ್ಲುವುದಿಲ್ಲ. ಒಂದು ಲೀಟರ್ ಶುದ್ಧವಾದ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಸಾಕು. ಈ ಸಾಮಾನ್ಯ ದ್ರಾವಣದ ಮಹಿಮೆಯನ್ನು ಜಗತ್ತಿಗೆ ತೋರಿದವರಲ್ಲಿ ಡಾ. ದಿಲೀಪ್ ಮಹಲನಬಿಸ್ ಪ್ರಮುಖರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯ ಮೂಲಕ ಕೊಡುವ ದ್ರವ ಮುಗಿಯುತ್ತ ಬಂದಾಗ, ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ, ಅವರ ಮರಣಾನಂತರ, ಸರ್ಕಾರ ಪದ್ಮವಿಭೂಷಣವನ್ನಿತ್ತು ಗೌರವಿಸಿತು. ಇಂದು ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣ ಇದೇ ವಂಶದ್ದು. ಅಂಗೈಯಗಲದ ಆ ಪೊಟ್ಟಣಗಳೆರಡು ಚೀಲದಲ್ಲಿರಲಿ. ಇಲ್ಲವಾದರೆ ಉಪ್ಪು ಹಾಕಿದ ನೀರುಮಜ್ಜಿಗೆಯಾದರೂ ಇರಲಿ.

ಬುತ್ತಿಯ ವಿಚಾರದಲ್ಲಿ ನಮ್ಮ ಗೃಹಿಣಿಯರಿಗೆ ಉಪದೇಶ ಮಾಡುವ ಧೈರ್ಯ ಯಾರಿಗಿದೆ? ಪುಳಿಯೋಗರೆ ದೇವಸ್ಥಾನಗಳಲ್ಲಿ ಪ್ರಸಾದವಾಗಿ, ಪ್ರಯಾಣಗಳಲ್ಲಿ ಬುತ್ತಿಯಾಗಿ ನಿಂತುಬಂದುದು ರುಚಿಯೊಂದರಿಂದಲೇ ಅಲ್ಲ. ಹುಣಿಸೆಯ ಹುಳಿ, ಎಣ್ಣೆ, ಉಪ್ಪುಗಳು ಅನ್ನವನ್ನು ಬೇಗ ಹಳಸಗೊಡುವುದಿಲ್ಲ. ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆಂದು ಹೇಳುವವರು ಅದನ್ನು ಕಲಸುವ ಗುಟ್ಟನ್ನು ಅರಿಯದವರು. ಬೆಳಿಗ್ಗೆ ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನೇ ಹೆಚ್ಚಾಗಿ ಸುರಿದು, ಒಂದು ಚಮಚ ಮೊಸರಿನಿಂದ ಹೆಪ್ಪು ಕೊಟ್ಟರೆ, ದಾರಿಯುದ್ದಕ್ಕೂ ಅದು ಡಬ್ಬಿಯೊಳಗೇ ಹೆಪ್ಪಾಗುತ್ತ ಬಂದು ಊಟದ ಹೊತ್ತಿಗೆ ಸಿಹಿಮೊಸರಿನ ಅನ್ನವಾಗಿರುತ್ತದೆ. ಅಕ್ಕಿರೊಟ್ಟಿಯಾದರೆ ಚಟ್ನಿಪುಡಿಯೊಡನೆ ಎಲೆಯಲ್ಲಿ ಕಟ್ಟಬಹುದು. ಪಾತ್ರೆಯ ಭಾರವೂ ಇಲ್ಲ, ತೊಳೆಯುವ ಗೋಳೂ ಇಲ್ಲ. ನಡೆಯುತ್ತ ನಡೆಯುತ್ತ ಬಾಯಿಗೆ ಹಾಕಿಕೊಳ್ಳಲು ಹುರಿಗಡಲೆ, ಕಡಲೆಕಾಯಿ, ಕೊಬ್ಬರಿ ಬೆಲ್ಲ. ಚನ್ನರಾಯಪಟ್ಟಣ, ಅರಸೀಕೆರೆಗಳ ತೆಂಗಿನ ನಾಡಿನಲ್ಲಿದ್ದುಕೊಂಡು ಬಣ್ಣದ ಹಾಳೆಯ ಪೇಟೆ ತಿಂಡಿಯನ್ನು ಹೊತ್ತು ಹೋಗುವುದು ವಿಚಿತ್ರ. ಆ ಹಾಳೆಗಳು ಬೆಟ್ಟದ ಮೇಲೆಯೇ ಉಳಿದುಬಿಡುವುದು ಇನ್ನೂ ಖೇದಕರ. ಖಾಲಿಯಾದುದನ್ನು ತುಂಬಿಕೊಂಡು ಬರಲು ಒಂದು ಬರಿಯ ಚೀಲವೂ ಸರಂಜಾಮಿನ ಭಾಗವೇ.

ಅಂಗೈಯಗಲದ ಡಬ್ಬಿ

ಉಳಿದ ಸಣ್ಣ ಪದಾರ್ಥಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಅಡಗಬೇಕು. ಅಗಲಪಟ್ಟಿ ಒಂದು, ಗಾಯಕ್ಕೆ ಅಂಟಿಸುವ ಪಟ್ಟಿ ನಾಲ್ಕಾರು, ಗಾಯ ತೊಳೆಯುವ ಔಷಧದ ಚಿಕ್ಕ ಸೀಸೆ, ಮನೆಯಲ್ಲಿ ಯಾರಾದರೂ ನಿತ್ಯ ಸೇವಿಸುವ ಗುಳಿಗೆಯಿದ್ದರೆ ಎರಡು ದಿನಕ್ಕಾಗುವಷ್ಟು, ಚಿಕ್ಕ ಚಾಕು, ಎರಡು ಮಾರುದ್ದ ಗಟ್ಟಿದಾರ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಪಿನ್ನು, ಸೀಟಿ. ಸೀಟಿಯನ್ನು ಕಂಡು ನಗುವವರಿದ್ದಾರೆ. ಆದರೆ ದಾರಿ ತಪ್ಪಿದ ಮಗು ಕೂಗಿ ಕೂಗಿ ಹತ್ತು ನಿಮಿಷದಲ್ಲಿ ಗಂಟಲು ಕಟ್ಟಿಕೊಳ್ಳುತ್ತದೆ. ಸೀಟಿಯನ್ನು ಗಂಟೆಗಟ್ಟಲೆ ಊದಬಹುದು, ಅದರ ದನಿ ಬಂಡೆಗಳನ್ನು ದಾಟಿ ಹೋಗುತ್ತದೆ. ಆದುದರಿಂದ ಅದರ ಸ್ಥಾನ ಡಬ್ಬಿಯಲ್ಲ, ಮಗುವಿನ ಕೊರಳು.

ಡಬ್ಬಿಯೊಳಗೆ ಏನಿದೆಯೆಂಬುದಷ್ಟೇ ಅದು ಉಪಯುಕ್ತವೆನ್ನಲು ಸಾಲದು ಎಂಬುದಕ್ಕೆ ಹಾವಿನ ಕಡಿತದ ಚರಿತ್ರೆ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ ಲಾಡರ್ ಬ್ರಂಟನ್ ಎಂಬ ವೈದ್ಯರ ಹೆಸರಿನಲ್ಲಿ ಒಂದು ಪುಟ್ಟ ಮರದ ನಳಿಗೆ ಬಳಕೆಗೆ ಬಂದಿತು. ಒಂದು ತುದಿಯಲ್ಲಿ ಚೂಪಾದ ಅಲಗು, ಇನ್ನೊಂದರಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು. ಹಾವು ಕಚ್ಚಿದ ಜಾಗವನ್ನು ಕೊಯ್ದು ಹರಳನ್ನು ತಿಕ್ಕಬೇಕೆಂಬುದು ವಿಧಾನ. ಭಾರತದಲ್ಲಿ ಅನೇಕರು ಅದನ್ನು ಜೇಬಿನಲ್ಲಿಟ್ಟುಕೊಂಡು ನಿರ್ಭಯರಾಗಿ ತಿರುಗಾಡಿದರು. ಎಷ್ಟು ಅಡಕ, ಎಷ್ಟು ಹಗುರ, ಎಷ್ಟು ಅಚ್ಚುಕಟ್ಟು! ಆದರೆ ಮೈಯೊಳಗೆ ಸೇರಿದ ವಿಷಕ್ಕೆ ಅದರಿಂದ ಏನೂ ಆಗಲಿಲ್ಲ. ಗಾಯ ದೊಡ್ಡದಾಯಿತು ಅಷ್ಟೆ.

ಇಂದಿನ ವೈದ್ಯಶಾಸ್ತ್ರದ ಮಾತು ಸ್ಪಷ್ಟವಾಗಿದೆ. ಕೊಯ್ಯಬಾರದು, ಬಾಯಿಯಿಂದ ಹೀರಬಾರದು, ರಕ್ತ ನಿಲ್ಲುವಂತೆ ಹಗ್ಗ ಬಿಗಿಯಬಾರದು. ಉಂಗುರ, ಬಳೆ, ಕಾಲಂದುಗೆಗಳನ್ನು ಬಾವು ಏರುವ ಮೊದಲೇ ತೆಗೆದುಬಿಡಬೇಕು. ಕಚ್ಚಿಸಿಕೊಂಡವನನ್ನು ನಡೆಯಗೊಡದೆ, ಆ ಅಂಗವನ್ನು ಕೋಲಿನ ಆಸರೆಯಿಂದ ಅಲುಗದಂತೆ ಕಟ್ಟಿ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ನಮ್ಮಲ್ಲಿ ತಯಾರಾಗುವ ಪ್ರತಿವಿಷ ಒಂದೇ; ಆದುದರಿಂದ ಹಾವನ್ನು ಕೊಂದು ಹೊತ್ತು ತರುವ ಸಾಹಸ ಅನಗತ್ಯ. 2000ದಿಂದ 2019ರವರೆಗಿನ ಅವಧಿಯ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರು, ಹೆಚ್ಚಿನವರು ಹಳ್ಳಿಗಾಡಿನವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಇಷ್ಟೆಲ್ಲದರ ನಡುವೆ ಚೀಲಕ್ಕೆ ಸೇರಬೇಕಾದುದು ಯಾವುದು? ಒಂದು ಅಗಲಪಟ್ಟಿ, ಒಂದು ಊರುಗೋಲು, ಮತ್ತು ಒಂದು ಕಾಗದದ ಚೂರಿನಲ್ಲಿ ಬರೆದ 108, 112 ಎಂಬ ಎರಡು ಸಂಖ್ಯೆಗಳು, ಅವುಗಳ ಜೊತೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಹೆಸರು. ಮೊಬೈಲಿನಲ್ಲಿ ಎಲ್ಲವೂ ಇದೆಯಲ್ಲ ಎನ್ನುವವರು, ಗುಡ್ಡದ ಮರೆಯಲ್ಲಿ ಅದರ ಸಂಕೇತ ಮಾಯವಾಗುವುದನ್ನೂ, ದಿನವಿಡೀ ಚಿತ್ರ ತೆಗೆದು ಸಂಜೆಗೆ ಅದು ಕಣ್ಣು ಮುಚ್ಚುವುದನ್ನೂ ಮರೆತಿರುತ್ತಾರೆ.

ಹೆಜ್ಜೇನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಂಡೆಯ ಚಾಚು, ಹಳೆಯ ಗೋಪುರ, ಎತ್ತರದ ಮರ ಅದಕ್ಕೆ ಪ್ರಿಯ. ಅದರ ಕೆಳಗೆ ಒಲೆ ಹೂಡುವುದು, ಕಲ್ಲೆಸೆಯುವುದು ಕೂಡದು. ಎದ್ದರೆ ಕಂಬಳಿಯಿಂದಲೋ ಚೌಕದಿಂದಲೋ ಮುಖ ಮುಚ್ಚಿಕೊಂಡು ದೂರ ಓಡುವುದೊಂದೇ ದಾರಿ. ಮುಳ್ಳುಗಳನ್ನು ಆಮೇಲೆ ಉಗುರಿನಿಂದ ಬೇಗ ಕೆರೆದು ತೆಗೆಯಬಹುದು.

ಪರೀಕ್ಷೆ

ಚೀಲ ಕಟ್ಟಿದವರೆಲ್ಲ ಅದನ್ನು ಪರೀಕ್ಷಿಸಿದವರಲ್ಲ. ಹೊಸ ಷೂವನ್ನು ಬೆಟ್ಟದ ದಿನವೇ ಮೊದಲ ಬಾರಿ ಮೆಟ್ಟುವವರ ಸಂಖ್ಯೆಯನ್ನು ನೋಡಿದರೆ ಇದು ತಿಳಿಯುತ್ತದೆ. ಪರೀಕ್ಷೆಗೆ ಬೆಟ್ಟವೇ ಬೇಕಿಲ್ಲ. ಹೊರಡುವ ಹಿಂದಿನ ಭಾನುವಾರ ಹರದನಹಳ್ಳಿಯಂಥ ಊರಿನ ಸುತ್ತ ಬದು, ಏರಿ, ತೋಟಗಳ ಮೇಲೆ ಎರಡು ಗಂಟೆ ಓಡಾಡಿ ಬಂದರೆ ಸಾಕು. ತಪ್ಪೇನಾದರೂ ಕಂಡರೆ ಮನೆ ಹತ್ತಿರದಲ್ಲೇ ಇರುತ್ತದೆ.

ಮೊದಲು ತಕ್ಕಡಿ. ಎರಡು ಲೀಟರ್ ನೀರು, ಅರ್ಧ ಕಿಲೋ ಬುತ್ತಿ, ಹಗುರವಾದ ಮಳೆಯಂಗಿ, ಡಬ್ಬಿ, ಟಾರ್ಚು, ಚೀಲದ ಸ್ವಂತ ಭಾರ ಎಲ್ಲ ಸೇರಿ ನಾಲ್ಕು ಕಿಲೋಗ್ರಾಮಿನ ಆಸುಪಾಸಿನಲ್ಲಿರಬೇಕು. ಹೊರುವವನ ತೂಕದ ಹತ್ತನೆಯ ಒಂದು ಪಾಲನ್ನು ಮೀರದಿದ್ದರೆ ಹಗಲಿನ ನಡಿಗೆ ಸುಖಕರ. ಮೂವತ್ತು ಕಿಲೋ ತೂಕದ ಹುಡುಗನಿಗೆ ಮೂರು ಕಿಲೋ ಎಂದರೆ ಅದೇ ಗರಿಷ್ಠ. ಭಾರವಾದುದು ಬೆನ್ನಿಗೆ ಒತ್ತಿಕೊಂಡಿರಲಿ. ಹೊರಭಾಗದಲ್ಲಿದ್ದರೆ ಚೀಲ ಹೆಗಲನ್ನು ಹಿಂದಕ್ಕೆ ಜಗ್ಗಿ, ಇಳಿಜಾರಿನಲ್ಲಿ ಕಾಲು ತಪ್ಪಿಸುತ್ತದೆ. ಒಂದೇ ಹೆಗಲಿಗೆ ತೂಗುವ ಚೀಲ ಪೇಟೆಗೆ ಚೆನ್ನ, ಬೆಟ್ಟಕ್ಕಲ್ಲ.

ಅನಂತರ ಒಂದೊಂದನ್ನೇ ಪ್ರಶ್ನಿಸಬೇಕು. ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ಕಾಲು ಗಂಟೆ ಕಾಗದದ ಮೇಲೆ ನಿಲ್ಲಿಸಿದರೆ ಅದರ ನಿಜಸ್ಥಿತಿ ಬಯಲಾಗುತ್ತದೆ. ಸುತ್ತಿದ ಬೆಂಕಿಪೊಟ್ಟಣವನ್ನು ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಕಡ್ಡಿ ಗೀರಿ ನೋಡಬೇಕು. ಮಳೆಯಂಗಿಯನ್ನು ತೊಟ್ಟು ಸ್ನಾನದ ಮನೆಯಲ್ಲಿ ನಾಲ್ಕು ತಂಬಿಗೆ ನೀರು ಸುರಿಸಿಕೊಂಡರೆ ಹೊಲಿಗೆಯ ಗುಣ ತಿಳಿಯುತ್ತದೆ. ಮಕ್ಕಳಿಗಂತೂ ಈ ಪರೀಕ್ಷೆಯೇ ಹಬ್ಬ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಚೀಲದಿಂದ ಟಾರ್ಚನ್ನು ಹುಡುಕಿ ತೆಗೆಯಲು ಎಷ್ಟು ಹೊತ್ತು ಹಿಡಿಯಿತು? ಅರ್ಧ ನಿಮಿಷ ಮೀರಿದರೆ ಅದರ ಜಾಗ ಬದಲಾಗಬೇಕು, ಏಕೆಂದರೆ ಟಾರ್ಚು ಬೇಕಾಗುವುದು ಕತ್ತಲೆಯಲ್ಲಿಯೇ. ಅಗಲಪಟ್ಟಿಯನ್ನು ಒಂದೇ ಕೈಯಿಂದ ಇನ್ನೊಂದು ಕೈಗೆ ಸುತ್ತಲು ಬರುವುದೆ? ಮನೆಯ ಜಗುಲಿಯ ಮೇಲೆ ಎರಡು ಸಲ ಮಾಡಿದವನಿಗೆ ಬೆಟ್ಟದ ಮೇಲೆ ಬರುತ್ತದೆ, ಮಾಡದವನಿಗೆ ಬರುವುದಿಲ್ಲ.

ಕಾಲದ ಲೆಕ್ಕವೂ ಸರಂಜಾಮಿನಲ್ಲಿ ಸೇರಿದ್ದೇ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬವರು 1892ರಲ್ಲಿ ಒಂದು ಸೂತ್ರ ಕೊಟ್ಟರು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ಪರ್ವತಾರೋಹಿಗಳ ಲೆಕ್ಕ. ಹೆಂಗಸರು, ಮಕ್ಕಳು, ಹಿರಿಯರು ಕೂಡಿದ ತಂಡಕ್ಕೆ ಅದನ್ನು ಇಮ್ಮಡಿ ಮಾಡಿಕೊಂಡರೆ ಮೋಸವಿಲ್ಲ. ಚಳಿಗಾಲದಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುವುದರಿಂದ, ಎಲ್ಲಿಯೇ ಇರಲಿ, ಒಂದು ಗಂಟೆಗೆ ಹಿಂದಿರುಗಲು ತೊಡಗಬೇಕೆಂಬ ನಿಯಮ ಹಾಕಿಕೊಳ್ಳುವುದು ಲೇಸು. ತುದಿ ಇನ್ನೇನು ಕಾಣುತ್ತಿದೆಯೆಂಬ ಆಸೆಗೆ ಬಿದ್ದು ಕತ್ತಲಾದ ಮೇಲೆ ಬಂಡೆ ಇಳಿಯುವುದರಲ್ಲಿ ಪುರುಷಾರ್ಥವೇನೂ ಇಲ್ಲ.

ಇಂದ್ರಗಿರಿಯ ಒರೆಗಲ್ಲು

ಎಲ್ಲ ಸಿದ್ಧವಾದ ಮೇಲೆ ಚೀಲವನ್ನು ಒರೆಗೆ ಹಚ್ಚಲು ಶ್ರವಣಬೆಳಗೊಳಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಇನ್ನೊಂದಿರಲಾರದು. ಎದುರುಬದುರಾಗಿ ಎರಡು ಬೆಟ್ಟ, ನಡುವೆ ಕಲ್ಯಾಣಿ. ದೊಡ್ಡದು ವಿಂಧ್ಯಗಿರಿ, ಅಥವಾ ಇಂದ್ರಗಿರಿ. ಸಮುದ್ರ ಮಟ್ಟದಿಂದ 3,347 ಅಡಿ, ತಪ್ಪಲಿನಿಂದ ಸುಮಾರು 470 ಅಡಿ. ನೇಸ್ಮಿತ್ತರ ಸೂತ್ರದಂತೆ ಏರಿಕೆಗೆ ಕೂಡಿಸಬೇಕಾದ ಕಾಲ ಹದಿನಾಲ್ಕೇ ನಿಮಿಷ. ಆದರೆ ನೇಸ್ಮಿತ್ತರು ಬೂಟು ಹಾಕಿಕೊಂಡು ಹತ್ತಿದವರು. ಇಲ್ಲಿ ಪಾದರಕ್ಷೆಯನ್ನು ಕೆಳಗೆಯೇ ಬಿಟ್ಟು, ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಬೆಲೆಬಾಳುವ ಚಾರಣದ ಷೂಗಳೆಲ್ಲ ಇಲ್ಲಿ ನಿರುಪಯೋಗಿ! ಒಂದು ಜೊತೆ ದಪ್ಪನೆಯ ಕಾಲುಚೀಲ ಅವುಗಳೆಲ್ಲಕ್ಕಿಂತ ದೊಡ್ಡ ವಸ್ತುವಾಗುತ್ತದೆ. ಬೆಳಿಗ್ಗೆ ತಣ್ಣಗಿರುವ ಕಣಶಿಲೆ ಹನ್ನೊಂದರ ಹೊತ್ತಿಗೆ ಕಾಯತೊಡಗಿ, ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ಏರುವಾಗ ಅರಿಯದ ಈ ಸತ್ಯ ಇಳಿಯುವಾಗ ಪ್ರತಿ ಹೆಜ್ಜೆಗೂ ತಿಳಿಯುತ್ತದೆ. ಹಿಂದಿನವರು ನಸುಕಿನಲ್ಲಿಯೇ ಬೆಟ್ಟ ಹತ್ತುತ್ತಿದ್ದುದಕ್ಕೆ ಭಕ್ತಿಯ ಜೊತೆಗೆ ಅಂಗಾಲಿನ ವಿವೇಕವೂ ಕಾರಣವಾಗಿದ್ದಿರಬೇಕು. ನಡೆಯಲಾರದ ಹಿರಿಯರಿಗೆ ಡೋಲಿಗಳುಂಟು.

ಮೇಲೆ, 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಗೊಮ್ಮಟನೆದುರು ಚೀಲದ ಮಾತು ಸಣ್ಣದಾಗಿ ಕಾಣುವುದು ಸಹಜ. ಆದರೂ ಮಕ್ಕಳು ನೀರು ಕೇಳುವುದು ಅಲ್ಲಿಯೇ. ಕ್ಷೇತ್ರದ ಮರ್ಯಾದೆಯನ್ನು ಕಾಯಬೇಕಾದವರು ಬುತ್ತಿಯನ್ನು ಮಾತ್ರ ಬೆಟ್ಟವಿಳಿದ ಮೇಲೆ ಬಿಚ್ಚುತ್ತಾರೆ. ಬಿಸಿಲಿಳಿದ ಬಳಿಕ ಎದುರಿನ ಚಂದ್ರಗಿರಿಯನ್ನೂ ಏರಿ ಬರಬಹುದು. ಅದರ ಏರಿಕೆ 175 ಅಡಿಯಷ್ಟೇ. ಮೌರ್ಯ ಚಂದ್ರಗುಪ್ತ ರಾಜ್ಯ ತೊರೆದು ಭದ್ರಬಾಹು ಮುನಿಗಳೊಡನೆ ಬಂದು ತನ್ನ ಕಡೆಯ ದಿನಗಳನ್ನು ಕಳೆದುದು ಇಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಸಾಮ್ರಾಜ್ಯವನ್ನೇ ಹಿಂದೆ ಬಿಟ್ಟು ನಡೆದವನ ಬೆಟ್ಟದಲ್ಲಿ, ಬೆಳಿಗ್ಗೆ ಹೊತ್ತು ತಂದ ಎರಡು ಲೀಟರ್ ನೀರು ಖಾಲಿಯಾಗಿ ಚೀಲ ತಾನಾಗಿಯೇ ಹಗುರವಾಗಿರುತ್ತದೆ.

ಮನೆಗೆ ಬಂದ ಸಂಜೆ, ದಣಿವಿದ್ದರೂ, ಚೀಲವನ್ನು ಸುರಿದು ಮೂರು ಗುಡ್ಡೆ ಮಾಡಬೇಕು. ಬಳಕೆಯಾದುದು ಒಂದು, ಬಳಕೆಯಾಗದಿದ್ದರೂ ಇರಲೇಬೇಕಾದ ಅಗಲಪಟ್ಟಿ, ಟಾರ್ಚು, ಸೀಟಿಗಳದು ಇನ್ನೊಂದು, ಸುಮ್ಮನೆ ಹೋಗಿ ಸುಮ್ಮನೆ ಬಂದುದು ಮತ್ತೊಂದು. ಮೂರನೆಯದಕ್ಕೆ ಮುಂದಿನ ಸಲ ಪ್ರವೇಶವಿಲ್ಲ. ಅದರೊಡನೆ ನಾಲ್ಕನೆಯದೊಂದು, ಎಂದರೆ ಬೇಕೆನಿಸಿತ್ತು, ಆದರೆ ಇರಲಿಲ್ಲ ಎಂಬ ವಸ್ತುಗಳ ಹೆಸರನ್ನು ಮರೆಯುವ ಮುನ್ನ ಬರೆದಿಡಬೇಕು. ನೆನಪು ಒಂದು ರಾತ್ರಿಯ ನಿದ್ದೆಗೇ ಅಳಿಸಿಹೋಗುತ್ತದೆ.

ಇನ್ನು ಹೊರೆಯೇ ಇಲ್ಲದ ಒಂದು ಸರಂಜಾಮು ಉಳಿಯಿತು. ಅದು ಚೀಲಕ್ಕೆ ಸೇರುವುದಲ್ಲ, ಮನೆಯಲ್ಲಿ ಬಿಟ್ಟುಹೋಗುವಂಥದು. ಯಾವ ಬೆಟ್ಟ, ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಾದರೂ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬ ಐದು ಸಾಲಿನ ಚೀಟಿ. ಹಳ್ಳಿಯಲ್ಲಿ ಇದರ ಅವಶ್ಯಕತೆಯಿರಲಿಲ್ಲ. ಹೊರಟವನನ್ನು ಜಗುಲಿಯ ಮೇಲಿನ ನಾಲ್ಕು ಜನ ತಡೆದು, ‘ಎಲ್ಲಿಗಪ್ಪಾ ಹೊರಟೆ, ಯಾವಾಗ ಬರ್ತೀಯ?’ ಎಂದು ಕೇಳಿಯೇ ಬಿಡುತ್ತಿದ್ದರು. ಪಕ್ಕದ ಮನೆಯವರ ಹೆಸರೂ ತಿಳಿಯದ ನಗರದ ಬಡಾವಣೆಯಲ್ಲಿ ಆ ಪ್ರಶ್ನೆ ಕೇಳುವವರಿಲ್ಲ. ಆದುದರಿಂದ ಚೀಟಿಯನ್ನು ಬರೆದು, ಗೋಡೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ, ಮೊದಲನೆಯ ಬಸ್ಸಿಗೆ ಹೊರಡಬೇಕು.